ಟೆರಿಲಿನ್ ಷರ್ಟಿನ ನೂಲು ಎಲ್ಲಿಗೆ ಹೋಯಿತು?

ಕಳೆದ ಆಷಾಢದ ಒಂದು ಬೆಳಗ್ಗೆ. ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮುಗಿಸಿ ಪದ್ಮನಾಭನಗರದ ಮನೆಗೆ ಬಂದು ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ, ಅಷ್ಟರಲ್ಲಿ ನನ್ನ ಭಾವಮೈದುನನ ಫೋನ್ ಬಂತು. ಕೋಲಾರ ಜಿಲ್ಲೆಯ ನರಸಾಪುರದ ಹತ್ತಿರ ಅವನಿಗೆ ಮೂರು ಎಕರೆ ಜಮೀನಿದೆ. ಟೊಮೆಟೊ, ಹಿಪ್ಪುನೇರಳೆ, ಮನೆ ಮಟ್ಟಿಗೆ ರಾಗಿ ಬೆಳೆಯುತ್ತಾನೆ.

"ಭಾವ, ಬೆಂಗಳೂರಿಂದ ಒಬ್ಬ ಗಾಡಿಯವನು ಬಂದವ್ನೆ. ಅಪಾರ್ಟ್‌ಮೆಂಟಿನ ಕೊಳಚೆ ನೀರು ಕ್ಲೀನ್ ಮಾಡಿದ್ಮೇಲೆ ಉಳಿಯೋ ಕೆಸರಂತೆ. ಒಣಗಿಸಿ ತಂದವ್ನೆ. ಒಳ್ಳೆ ಗೊಬ್ಬರ, ಗಾಡಿ ಬಾಡಿಗೆ ಮಾತ್ರ ಕೊಡಿ ಅಂತಾನೆ. ತಗೊಳ್ಳಲಾ, ಬೇಡ್ವಾ?"

ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಬಿಕಾಂ. ಗೊಬ್ಬರದ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳುವುದೂ ಒಂದೇ, ಎತ್ತಿನ ಅಭಿಪ್ರಾಯ ಕೇಳುವುದೂ ಒಂದೇ. ಆದರೂ ಅಕ್ಕನ ಗಂಡ ಎಂಬ ಗೌರವಕ್ಕೆ ಕೇಳಿದ್ದ. "ಒಂದು ವಾರ ತಡಿ, ವಿಚಾರಿಸಿ ಹೇಳ್ತೀನಿ" ಎಂದೆ.

ಫೋನ್ ಸ್ಪೀಕರಿನಲ್ಲಿತ್ತು. ಏಳನೇ ಕ್ಲಾಸಿನ ನನ್ನ ಮೊಮ್ಮಗಳು ದೋಸೆ ತಿನ್ನುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. "ತಾತ, ಆ ಕೆಸರಲ್ಲಿ ಮೈಕ್ರೋಪ್ಲಾಸ್ಟಿಕ್ ಇರುತ್ತೆ. ನಮ್ಮ ಮಿಸ್ ಹೇಳಿದಾರೆ" ಎಂದಳು. ಇರುತ್ತದೆ ಸರಿ, ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ವಾರವೆಲ್ಲ ನಾವಿಬ್ಬರೂ ಮಾಡಿದ್ದು ಇದೇ ಕೆಲಸ.

ಮೊದಲು ಹೆಸರಿನ ವಿಷಯ. 5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರು, ಎಳೆ, ಉಂಡೆ ಎಲ್ಲವೂ ಮೈಕ್ರೋಪ್ಲಾಸ್ಟಿಕ್. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ 2004ರಲ್ಲಿ ಸಮುದ್ರ ತೀರದ ಮರಳಿನಲ್ಲಿ ಇವನ್ನು ಕಂಡು ಬರೆದ ಮೇಲೆ ಈ ಹೆಸರು ಲೋಕಕ್ಕೆಲ್ಲ ಹಬ್ಬಿತು. 5 ಮಿಲಿಮೀಟರ್ ಅಂದರೆ ಹೆಚ್ಚುಕಮ್ಮಿ ಒಂದು ತೊಗರಿಕಾಳು. ಅದು ದೊಡ್ಡ ತುದಿ. ಚಿಕ್ಕ ತುದಿಯಲ್ಲಿ ಬರಿಗಣ್ಣಿಗೆ ಕಾಣದವೂ ಇವೆ.

ನಮ್ಮ ಮನೆಯಿಂದ ಇವು ಚರಂಡಿಗೆ ಹೋಗುವ ದೊಡ್ಡ ದಾರಿ ಯಾವುದು ಗೊತ್ತೇ? ನಾನು ಪ್ಲಾಸ್ಟಿಕ್ ಕವರು, ಬಾಟಲಿ ಎಂದುಕೊಂಡಿದ್ದೆ. ಅಲ್ಲ, ಬಟ್ಟೆ.

ನನ್ನ ವಯಸ್ಸಿನವರಿಗೆ ಟೆರಿಲಿನ್ ಷರ್ಟು ನೆನಪಿರಬೇಕು. 1973ರಲ್ಲಿ ಬ್ಯಾಂಕಿನ ಸಂದರ್ಶನಕ್ಕೆ ಹೋಗುವಾಗ ನಮ್ಮಪ್ಪ ಸಾಲ ಮಾಡಿ ಒಂದು ಹೊಲಿಸಿಕೊಟ್ಟಿದ್ದರು. ಇಸ್ತ್ರಿ ಬೇಡ, ಸುಕ್ಕಿಲ್ಲ, ರಾತ್ರಿ ಒಗೆದು ಹಾಕಿದರೆ ಬೆಳಗ್ಗೆ ಒಣಗಿರುತ್ತಿತ್ತು. ಅದನ್ನು ಹಾಕಿಕೊಂಡವನಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನಮ್ಮ ಬೀದಿಯಲ್ಲಿತ್ತು. ಆ ಟೆರಿಲಿನ್ ಅಂದರೆ ಪಾಲಿಯೆಸ್ಟರ್. ಇವತ್ತು ನೀವು ನೀರು ಕುಡಿದು ಬಿಸಾಡುವ ಬಾಟಲಿ ಯಾವ ವಸ್ತುವಿನದೋ ಅದೇ ವಸ್ತುವಿನ ನೂಲು. ಈ ಮಾತು ಹೇಳಿದಾಗ ನನ್ನಾಕೆ ನಂಬಲೇ ಇಲ್ಲ. "ಏನ್ರೀ, ಬಾಟಲಿ ಹಾಕ್ಕೊಂಡು ಇಂಟರ್‌ವ್ಯೂಗೆ ಹೋಗಿದ್ರಾ?" ಎಂದಳು.

ಹತ್ತಿಯ ಬಟ್ಟೆಯೂ ಒಗೆದಾಗ ಎಳೆ ಬಿಡುತ್ತದೆ. ಆದರೆ ಅದು ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಎಳೆಗಳು ಸುಲಭಕ್ಕೆ ಕೊಳೆಯುವುದಿಲ್ಲ. 2016ರಲ್ಲಿ ಅದೇ ಪ್ಲಿಮತ್‌ನವರು ಎಣಿಸಿ ನೋಡಿದರು: 6 ಕಿಲೋ ಅಕ್ರಿಲಿಕ್ ಬಟ್ಟೆ ಒಂದು ಸಲ ಯಂತ್ರದಲ್ಲಿ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ಬಿಡಬಹುದು. ನಮ್ಮ ಚಳಿಗಾಲದ ಸ್ವೆಟರು, ಶಾಲು, ಅಗ್ಗದ ಹೊದಿಕೆಗಳಲ್ಲಿ ಅಕ್ರಿಲಿಕ್ ಬೇಕಾದಷ್ಟಿರುತ್ತದೆ. ಲೇಬಲ್ ಓದಿ ನೋಡಿ.

ಮಕ್ಕಳೇ, ಇಲ್ಲಿ ಒಂದು ಪ್ರಯೋಗ. ಕತ್ತರಿ ಹಿಡಿಯುವ ಕೆಲಸ ಅಜ್ಜಿ ತಾತನಿಗೆ ಬಿಡಿ. ನೀರಿನ ಬಾಟಲಿಯ ಪಾರದರ್ಶಕ ಮೈಯಿಂದ ಬೆರಳುಗುರಿನಷ್ಟು ಒಂದು ಚೂರು, ಅದರ ಬಣ್ಣದ ಮುಚ್ಚಳದಿಂದ ಅಷ್ಟೇ ದೊಡ್ಡ ಚೂರು ಕತ್ತರಿಸಿ. ಎರಡನ್ನೂ ನೀರಿರುವ ಪಾತ್ರೆಗೆ ಹಾಕಿ, ಬೆರಳಿನಿಂದ ಅದುಮಿ, ಅಂಟಿದ ಗುಳ್ಳೆಗಳನ್ನು ಕೊಡವಿ ಕೈಬಿಡಿ. ಮುಚ್ಚಳದ ಚೂರು ಮೇಲೆ ಬರುತ್ತದೆ, ಬಾಟಲಿಯ ಚೂರು ತಳ ಸೇರುತ್ತದೆ. ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ. ಬಾಟಲಿಯ ಪ್ಲಾಸ್ಟಿಕ್, ಅಂದರೆ ನನ್ನ ಷರ್ಟಿನ ಪ್ಲಾಸ್ಟಿಕ್, ನೀರು 1 ಕಿಲೋ ತೂಗುವ ಜಾಗದಲ್ಲಿ ಸುಮಾರು 1.38 ಕಿಲೋ ತೂಗುತ್ತದೆ. ಮನೆಯ ಪಾತ್ರೆಯಲ್ಲಿ ಕಂಡ ಈ ತೇಲು ಮುಳುಗಿನ ಆಟವೇ ಕೊಳಚೆ ನೀರಿನ ಘಟಕದಲ್ಲೂ ನಡೆಯುತ್ತದೆ.

ಅದನ್ನು ಕಣ್ಣಾರೆ ನೋಡಲು ನಾವು ದೂರ ಹೋಗಲಿಲ್ಲ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಕೊಳಚೆ ನೀರನ್ನು ತಾವೇ ಶುದ್ಧ ಮಾಡಿಕೊಳ್ಳಬೇಕೆಂಬ ನಿಯಮವಿದೆ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಅಂಥದ್ದೊಂದಿದೆ. ಅಲ್ಲಿನ ಸಂಘದ ಖಜಾಂಚಿ ನನ್ನ ಹಳೆಯ ಸಹೋದ್ಯೋಗಿ. ನೆಲಮಾಳಿಗೆಯ ಬಾಗಿಲು ತೆಗೆಸಿಕೊಟ್ಟು, ಮೂಗಿಗೆ ಕರ್ಚೀಫು ಒತ್ತಿಕೊಂಡು ಅವರು ಮೇಲೆಯೇ ನಿಂತರು. ಕೆಳಗೆ ನಮ್ಮನ್ನು ಕರೆದುಕೊಂಡು ಹೋದವನು ರಾಯಚೂರು ಕಡೆಯ ಹುಡುಗ, ಎಸ್‌ಟಿಪಿ ನೋಡಿಕೊಳ್ಳುವವನು. ಇಪ್ಪತ್ತೈದು ವಯಸ್ಸಿರಬಹುದು. ಅವನಿಗೆ ಗೊತ್ತಿದ್ದ ವಿಷಯ ಆ ಕಟ್ಟಡದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

"ಇದು ಜಾಳಗಿ ನೋಡ್ರಿ ಅಜ್ಜಾರ" ಎಂದು ಮೊದಲು ಕಬ್ಬಿಣದ ಸರಳಿನ ಜರಡಿ ತೋರಿಸಿದ. ಕವರು, ಬಟ್ಟೆ, ಕೂದಲ ಗಂಟು, ಪುಟ್ಟ ಮಕ್ಕಳ ಡೈಪರು ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ನಮ್ಮ ನೂಲಿಗೆ ಆ ಸಂದು ಹೆಬ್ಬಾಗಿಲು. ಮುಂದೆ ಎಣ್ಣೆ, ಜಿಡ್ಡು ತೇಲುವ ತೊಟ್ಟಿ. ತೇಲುವ ಪ್ಲಾಸ್ಟಿಕ್‌ಗೆ ಮೊದಲ ಬಲೆ ಇದು. ಕವರಿನ ಪುಡಿ, ಮುಚ್ಚಳದ ಪುಡಿ ಜಿಡ್ಡಿಗೆ ಅಂಟಿಕೊಂಡು ಅದರ ಜೊತೆಗೇ ಹೊರಬೀಳುತ್ತವೆ.

ಅಲ್ಲಿಂದ ಮುಂದಿನದು ಗಾಳಿಯ ತೊಟ್ಟಿ. ಕಂದು ಬಣ್ಣದ ನೀರು ಅಕ್ಕಿ ಕುದಿಯುವಂತೆ ಬುಳಬುಳ ಎನ್ನುತ್ತಿತ್ತು. ಬೆಂಕಿಯಿಲ್ಲ, ಕೆಳಗಿನಿಂದ ಗಾಳಿ ಊದುತ್ತಾರೆ. ಈ ತೊಟ್ಟಿಯ ನಿಜವಾದ ಕೆಲಸಗಾರರು ಬ್ಯಾಕ್ಟೀರಿಯಾ. ಇಡ್ಲಿ ಹಿಟ್ಟು ಹುಳಿಬರಿಸುವವರ ದಾಯಾದಿಗಳು ಎನ್ನಿ. ನಮ್ಮ ಸೋಪು, ಅನ್ನದ ಗಂಜಿ, ಕಕ್ಕಸಿನ ಕೊಳೆ ಎಲ್ಲವನ್ನೂ ತಿಂದು ಬೆಳೆಯುತ್ತಾರೆ. ಪ್ಲಾಸ್ಟಿಕ್ಕನ್ನು ಮಾತ್ರ ತಿನ್ನುವುದಿಲ್ಲ. ತಿನ್ನದಿದ್ದರೂ ಒಂದು ಉಪಕಾರ ಮಾಡುತ್ತಾರೆ. ತಿಂದು ಕೊಬ್ಬಿದ ಬ್ಯಾಕ್ಟೀರಿಯಾ ಅಂಟು ಬಿಟ್ಟು ಒಂದಕ್ಕೊಂದು ಹತ್ತಿ, ಒಡೆದ ಹಾಲಿನ ಗರಣೆಯಂತೆ ಮುದ್ದೆಮುದ್ದೆಯಾಗುತ್ತವೆ. ಸುತ್ತ ಅಲೆಯುತ್ತಿರುವ ಎಳೆ, ಚೂರು ಆ ಮುದ್ದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಪ್ಲಾಸ್ಟಿಕ್ ಚೂರಿನ ಮೈಮೇಲೂ ಬ್ಯಾಕ್ಟೀರಿಯಾದ ಲೋಳೆ ಕೂರುತ್ತದೆ. ಹಾಗಾಗಿ ತೇಲಬೇಕಾದದ್ದೂ ಭಾರವಾಗಿ ಮುಳುಗತೊಡಗುತ್ತದೆ.

ನಮ್ಮಜ್ಜಿ ಮಳೆಗಾಲದ ಕೆಂಪು ನೀರಿಗೆ ಪಟಿಕ ಆಡಿಸಿ ಇಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ಕೂಡಿಕೊಂಡು ತಳಕ್ಕಿಳಿದು ಮೇಲೆ ತಿಳಿ ನಿಂತಿರುತ್ತಿತ್ತು. ಪಟಿಕದ ಕೆಲಸವನ್ನು ಇಲ್ಲಿ ಬ್ಯಾಕ್ಟೀರಿಯಾ ಮಾಡುತ್ತವೆ. ಮುಂದಿನ ತೊಟ್ಟಿಯಲ್ಲಿ ಗಾಳಿಯಿಲ್ಲ, ಗದ್ದಲವಿಲ್ಲ. ಮುದ್ದೆಗಳು ಮೆಲ್ಲಗೆ ತಳ ಸೇರುತ್ತವೆ, ತಿಳಿನೀರು ಅಂಚಿನಿಂದ ಹರಿದು ಹೋಗುತ್ತದೆ. ಹಾಗೆ ಹೋದದ್ದು ಮರಳಿನ ಡ್ರಮ್ಮು, ಇದ್ದಿಲಿನ ಡ್ರಮ್ಮು ದಾಟಿ ಫ್ಲಷ್ ಟ್ಯಾಂಕಿಗೆ, ತೋಟಕ್ಕೆ.

ಹುಡುಗ ಒಂದು ಗಾಜಿನ ಲೋಟದಲ್ಲಿ ಆ ನೀರು ಹಿಡಿದು ತೋರಿಸಿದ. ಚೆನ್ನಾಗಿಯೇ ಇತ್ತು. ಮೊಮ್ಮಗಳು ಕಣ್ಣು ಕಿರಿದು ಮಾಡಿ ನೋಡಿ, "ಅಣ್ಣ, ಇದರಲ್ಲಿ ಈಗ ಪ್ಲಾಸ್ಟಿಕ್ ಇಲ್ವಾ?" ಎಂದಳು.

"ನಾವು ಅದನ್ನ ಟೆಸ್ಟ್ ಮಾಡೂದಿಲ್ಲವ್ವ" ಎಂದ ಹುಡುಗ. ಪ್ರಾಮಾಣಿಕ ಉತ್ತರ. ನನಗೆ ಬಹಳ ಇಷ್ಟವಾಯಿತು.

ಟೆಸ್ಟ್ ಮಾಡಿದವರ ಲೆಕ್ಕ ಸ್ಕಾಟ್ಲೆಂಡಿನಲ್ಲಿದೆ. ಗ್ಲಾಸ್ಗೋ ನಗರದಲ್ಲಿ 6.5 ಲಕ್ಷ ಜನರ ಕೊಳಚೆ ನೀರು ಶುದ್ಧ ಮಾಡುವ ಒಂದು ಘಟಕದ ಲೆಕ್ಕ 2016ರಲ್ಲಿ ಪ್ರಕಟವಾಯಿತು. ಒಳಗೆ ಬರುವ ಒಂದು ಲೀಟರಿನಲ್ಲಿ ಸರಾಸರಿ 15.70 ಚೂರು. ಹೊರಗೆ ಹೋಗುವ ಲೀಟರಿನಲ್ಲಿ 0.25. ಅಂದರೆ ಶೇಕಡ 98ಕ್ಕಿಂತ ಹೆಚ್ಚು ತೆಗೆದಿದ್ದಾರೆ. ಶಾಲೆಯಲ್ಲಿ ಇಷ್ಟು ಅಂಕ ಬಂದರೆ ಮನೆಯಲ್ಲಿ ಪಾಯಸ ಮಾಡುತ್ತೇವೆ. ಆದರೆ ಅದೇ ವರದಿಯ ಇನ್ನೊಂದು ಸಾಲು: ಆ ಘಟಕದಿಂದ ದಿನವೂ ನದಿಗೆ ಹೋಗುತ್ತಿದ್ದ ಚೂರು ಸುಮಾರು 6.5 ಕೋಟಿ. ಮೊಮ್ಮಗಳು ತಕ್ಷಣ ಭಾಗಿಸಿದಳು. "ತಾತ, ಒಬ್ಬೊಬ್ಬರಿಗೆ ದಿನಕ್ಕೆ ನೂರು!" ಬ್ಯಾಂಕಿನವನಿಗೆ ಇದು ಹೊಸದಲ್ಲ. ಶೇಕಡ ಎಷ್ಟು ಎಂದು ಕೇಳಿ ಸುಮ್ಮನಾಗಬಾರದು, ಯಾವ ಮೊತ್ತದ ಮೇಲೆ ಎಂದೂ ಕೇಳಬೇಕು.

ತಪ್ಪಿಸಿಕೊಳ್ಳುವವರಲ್ಲಿ ಎಳೆಗಳೇ ಚಾಲಾಕು. ಉದ್ದ ಇದ್ದರೂ ಕೂದಲಿಗಿಂತ ತೆಳ್ಳಗೆ. ಸೂಜಿಯ ಕಣ್ಣಿಗೆ ದಾರ ನುಗ್ಗಿದಂತೆ ಉದ್ದುದ್ದಕ್ಕೆ ತಿರುಗಿ ಜರಡಿ ದಾಟಿಬಿಡುತ್ತವೆ. ಇವನ್ನೂ ಹಿಡಿಯುವ ಉಪಾಯಗಳಿವೆ. 2017ರಲ್ಲಿ ಫಿನ್ಲೆಂಡಿನವರು ಪರೀಕ್ಷಿಸಿದಾಗ, ತಿಳಿಯಾದ ನೀರಲ್ಲಿ ಉಳಿದಿದ್ದ ಚೂರುಗಳಲ್ಲಿ ಶೇಕಡ 97ರಷ್ಟನ್ನು ಮರಳಿನ ಸೋಸು ಹಿಡಿಯಿತು. ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ, ಕಿರಿದಾದ ತೂತುಗಳ ಪೊರೆ ಹಾಕಿದ ಘಟಕ ಶೇಕಡ 99.9 ಹಿಡಿಯಿತು. ಮೆಂಬ್ರೇನ್ ಎನ್ನುತ್ತಾರೆ ಅದಕ್ಕೆ. ಕಬ್ಬನ್ ಪಾರ್ಕಿನ ಗಿಡಗಳಿಗಾಗಿ ನಮ್ಮ ಜಲಮಂಡಳಿ ಕಟ್ಟಿರುವ ಘಟಕದಲ್ಲಿ ಇಂಥ ಪೊರೆಯಿದೆ. ಖರ್ಚು ಮಾತ್ರ ಜಾಸ್ತಿ. ಪೊರೆ ಕಟ್ಟಿಕೊಳ್ಳುತ್ತದೆ, ತೊಳೆಯಬೇಕು, ಕಾಲಕಾಲಕ್ಕೆ ಬದಲಿಸಬೇಕು, ಕರೆಂಟೂ ಹೆಚ್ಚು.

ಇಲ್ಲಿಗೆ ಕಥೆ ಮುಗಿಯಿತೆಂದು ಮೊಮ್ಮಗಳು ನೋಟ್‌ಬುಕ್ ಮುಚ್ಚಿದಳು. ನನಗೆ ಮುಗಿದಂತೆ ಕಾಣಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ದಿನದ ಲೆಕ್ಕದಲ್ಲಿ 10 ಪೈಸೆ ವ್ಯತ್ಯಾಸ ಬಂತು. ರಾತ್ರಿ ಒಂಬತ್ತರವರೆಗೆ ಏಳು ಜನ ಕೂತು ಹುಡುಕಿದೆವು. "ನಾನೇ ಹತ್ತು ಪೈಸೆ ಹಾಕ್ತೀನಿ ಸಾರ್" ಎಂದು ನಾನು ಅಂದದ್ದಕ್ಕೆ ಹೆಡ್ ಕ್ಲರ್ಕು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಒಂದು ಖಾತೆಯಿಂದ ಹೋದದ್ದು ಇನ್ನೊಂದು ಖಾತೆಗೆ ಬಂದಿರಲೇಬೇಕು. ಎಲ್ಲಿಯದೆಂದು ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡಲು ಸಸ್ಪೆನ್ಸ್ ಅಕೌಂಟ್ ಅಂತ ಒಂದಿರುತ್ತದೆ. ಅದನ್ನು ನೋಡಿದರೆ ಆಡಿಟರಿಗೆ ಮೈಯೆಲ್ಲ ಕಣ್ಣು.

ನೀರಿನಿಂದ ಶೇಕಡ 98 ತೆಗೆದರು ಎಂದರೆ ಅದು ನಾಶವಾಯಿತು ಎಂದಲ್ಲ. ನೀರಿನ ಖಾತೆಯಿಂದ ಕೆಸರಿನ ಖಾತೆಗೆ ಬಂತು, ಅಷ್ಟೆ. ಮರಳಿನ ಡ್ರಮ್ಮು ಹಿಡಿದದ್ದೂ ಅಲ್ಲಿ ಉಳಿಯುವುದಿಲ್ಲ. ಹುಡುಗ ಹೇಳಿದ: ಡ್ರಮ್ಮನ್ನು ಹಿಮ್ಮುಖವಾಗಿ ತೊಳೆದ ನೀರು ಮತ್ತೆ ಮೊದಲ ತೊಟ್ಟಿಗೇ ಬರುತ್ತದೆ. ಸುತ್ತಿ ಸುತ್ತಿ ಕೊನೆಗೆ ಕೆಸರಿಗೇ. ಆ ಕೆಸರನ್ನು ಒಂದು ಯಂತ್ರ ಬಟ್ಟೆಗಳ ನಡುವೆ ಒತ್ತಿ ಹಿಂಡಿ ಕಪ್ಪು ಹಲಗೆಯಂತೆ ಮಾಡಿ ಚೀಲಕ್ಕೆ ಬೀಳಿಸುತ್ತಿತ್ತು. ಮೂಲೆಯಲ್ಲಿ ಹನ್ನೆರಡು ಚೀಲ ಇದ್ದವು.

"ಇವೆಲ್ಲಿಗೆ ಹೋಗ್ತವಪ್ಪ?" ಎಂದೆ.

"ಗಾಡಿ ಬರ್ತದ್ರಿ ಅಜ್ಜಾರ. ಒಯ್ತಾರ. ಹೊಲಕ್ಕಂತ ಹೇಳ್ತಾರ್ರಿ."

ನರಸಾಪುರದ ಗಾಡಿಯವನು ನೆನಪಾದ. ಇದೇ ಚೀಲವೋ, ಬೇರೆ ಕಟ್ಟಡದ್ದೋ, ಜಾತಿ ಒಂದೇ.

ನಮ್ಮ ಭಾವಮೈದುನನ ಊರಿಗೆ ಬೆಂಗಳೂರಿನ ಕೊಳಚೆಯ ಪಾಲು ಬರುವುದು ಕೆಸರಾಗಿ ಮಾತ್ರ ಅಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ, ನಾವು ಕೆಸಿ ವ್ಯಾಲಿ ಎನ್ನುವುದರ, ಶುದ್ಧೀಕರಿಸಿದ ನೀರು 2018ರ ಜೂನಿನಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಮೊದಲು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ಒಂದರ ಕೋಡಿಯಿಂದ ಇನ್ನೊಂದಕ್ಕೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಸಾವಿರ ಅಡಿ ಕೊರೆದರೂ ದೂಳು ಬರುತ್ತಿದ್ದ ಸೀಮೆ ಅದು. ನರಸಾಪುರದ ಕೆರೆ ತುಂಬಿದ ದಿನ ಇವನು ಫೋನ್ ಮಾಡಿ, "ಭಾವ, ನಿಮ್ಮ ನೀರು ಬಂತು" ಎಂದು ಅತ್ತೇಬಿಟ್ಟಿದ್ದ. ಬತ್ತಿದ ಅವನ ಬೋರ್‌ವೆಲ್‌ನಲ್ಲಿ ಮುಂದಿನ ವರ್ಷ ನೀರು ಕಾಣಿಸಿತು. ಹಾಗೆಂದು ಎಲ್ಲವೂ ಸುಖಾಂತವಲ್ಲ. 2018ರ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ನೀರು ನಿಲ್ಲಿಸಿದರು, ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿನ ಹೋರಾಟಗಾರರ ಬೇಡಿಕೆ ಇವತ್ತಿಗೂ ಒಂದೇ: ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಆಗಬೇಕು. ಆ ಮೂರನೇ ಹಂತವೆಂದರೆ ನಾನು ಮೇಲೆ ಹೇಳಿದ ಮರಳು, ಪೊರೆ ಇಂಥವು. ಅದು ಕೇವಲ ನೊರೆಯ ಪ್ರಶ್ನೆಯಲ್ಲ ಎಂದು ನನಗೆ ಅರ್ಥವಾದದ್ದು ಈಗ. ಗ್ಲಾಸ್ಗೋದ 0.25 ಅನ್ನು 44 ಕೋಟಿ ಲೀಟರಿಗೆ ಗುಣಿಸಿದರೆ ದಿನಕ್ಕೆ 11 ಕೋಟಿ ಚೂರು. ಇದು ಕೆರೆಯಲ್ಲಿ ಅಳೆದದ್ದಲ್ಲ, ಬರೀ ನಮ್ಮಿಬ್ಬರ ಕಾಗದದ ಗುಣಾಕಾರ. ಪ್ರಮಾಣ ಎಂಥದ್ದೆಂದು ತಿಳಿಯಲು ಮಾಡಿದ್ದು.

ಕೆರೆಗೆ ಬಂದ ಮೇಲೂ ಲೆಕ್ಕ ಮುಂದುವರಿಯುತ್ತದೆ. ಭಾರದ ಎಳೆ ಹೂಳಿಗಿಳಿಯುತ್ತದೆ. ನೆಲಕ್ಕೆ ಇಂಗುವ ನೀರನ್ನು ಮಣ್ಣೇ ಸೋಸುತ್ತದೆ, ಸೋಸಿದ್ದು ಮಣ್ಣಿನಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗದ್ದೆಗೆ ಹೊಡೆಯುವುದು ನಮ್ಮ ರೈತರ ಹಳೆಯ ಪದ್ಧತಿ.

ಇದರಿಂದ ಏನಾಗುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್‌ತೊಂಬ ಅವರ ತಂಡ ಕೆಆರ್‌ಎಸ್ ಸುತ್ತಲಿನ ಕಾವೇರಿ ನೀರನ್ನು ಮೂರು ಕಡೆ ಹಿಡಿದು, ಅದರಲ್ಲಿ ಮೀನಿನ ಭ್ರೂಣಗಳನ್ನು ಬೆಳೆಸಿ ನೋಡಿತು. ವರದಿ 2022ರಲ್ಲಿ ಬಂತು. ನಿಧಾನ ಹರಿಯುವ ಮತ್ತು ನಿಂತ ನೀರಿನಲ್ಲಿ ಬೆಳೆದ ಮರಿಗಳಲ್ಲಿ ಮೂಳೆ ಸೊಟ್ಟಗಾದದ್ದು, ಜೀವಕೋಶಗಳು ಬೇಗ ಸತ್ತದ್ದು ಕಂಡಿತು. ಆ ನೀರಿನಲ್ಲಿದ್ದ ಮಾಲಿನ್ಯಗಳಲ್ಲಿ ಮೈಕ್ರೋಪ್ಲಾಸ್ಟಿಕ್ಕೂ ಒಂದು, ಕಾರಣ ಅದಿರಬಹುದು ಎಂಬುದು ಅವರ ಎಚ್ಚರಿಕೆಯ ಮಾತು. ಮನುಷ್ಯರ ವಿಷಯ ಇನ್ನೂ ಅಳೆಯುತ್ತಿದ್ದಾರೆ. ಇಷ್ಟಕ್ಕೆ ಹೆದರಿ ಟೊಮೆಟೊ ತಿನ್ನುವುದು ಬಿಡಬೇಕಿಲ್ಲ. ಆದರೆ ನನಗೆ ಕಂಡ ಮುಖ್ಯ ಸಂಗತಿ ಬೇರೆ. ನೀರಿನಿಂದ ತೆಗೆಯಲು ತೊಟ್ಟಿ, ಮರಳು, ಪೊರೆ ಇವೆ. ಒಮ್ಮೆ ಹೊಲದ ಮಣ್ಣಿಗೆ ಸೇರಿದರೆ ಅದನ್ನು ಹೆಕ್ಕಿ ತೆಗೆಯುವ ಯಂತ್ರ ಯಾವುದೂ ಇಲ್ಲ.

ವಾರದ ಕೊನೆಗೆ ಭಾವಮೈದುನನಿಗೆ ಫೋನ್ ಮಾಡಿದೆ. ಕೆಸರಿನಲ್ಲಿ ಸಾರಜನಕ, ರಂಜಕ ನಿಜವಾಗಿಯೂ ಇದೆ, ಗಾಡಿಯವನು ಸುಳ್ಳು ಹೇಳಿಲ್ಲ ಎಂದೆ. ಅದರ ಜೊತೆ ನಮ್ಮೂರಿನ ಸ್ವೆಟರು, ಸೀರೆಯ ನೂಲೂ ಇದೆ ಎಂದೆ. ಸ್ವಿಟ್ಜರ್ಲೆಂಡಿನಲ್ಲಿ ಕೊಳಚೆ ಕೆಸರನ್ನು ಹೊಲಕ್ಕೆ ಹಾಕುವುದನ್ನೇ ನಿಲ್ಲಿಸಿ ಸುಡುತ್ತಾರೆ ಎಂದೆ.

"ಅವರಿಗೇನು ಭಾವ, ಸುಡ್ತಾರೆ. ಗೊಬ್ಬರದ ಮೂಟೆ ದುಡ್ಡು ಯಾರು ಕೊಡ್ತಾರೆ ನಂಗೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ, "ನಿನ್ನ ಜಾಗದಲ್ಲಿ ನಾನಿದ್ದರೆ ತಗೋತಿರಲಿಲ್ಲ. ಆಮೇಲೆ ನಿನ್ನಿಷ್ಟ" ಎಂದೆ. ಆ ಸಲ ಅವನು ತೆಗೆದುಕೊಳ್ಳಲಿಲ್ಲ. ಪಕ್ಕದ ಹೊಲದವನು ಎರಡು ಲೋಡ್ ಹಾಕಿಸಿಕೊಂಡನಂತೆ.

ಈಗ ನನ್ನ ಮನೆಯದೇ ತಪ್ಪೊಪ್ಪಿಗೆ. ನಮ್ಮ ಬಟ್ಟೆ ಒಗೆಯುವ ಯಂತ್ರದೊಳಗೆ ನೂಲು ಹಿಡಿಯುವ ಪುಟ್ಟ ಜಾಲರಿ ಚೀಲವಿದೆ. ನಿಮ್ಮ ಮನೆಯಲ್ಲೂ ಇರಬಹುದು. ವಾರಕ್ಕೊಮ್ಮೆ ಅದನ್ನು ತೆಗೆದು, ಮಗುಚಿ, ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು ಮತ್ತೆ ಸಿಕ್ಕಿಸುವುದು ನಿವೃತ್ತನಾದ ಮೇಲೆ ನನ್ನ ಡ್ಯೂಟಿ. ಬಹಳ ಅಚ್ಚುಕಟ್ಟಾಗಿ ಮಾಡುತ್ತಿದ್ದೆ. ಮೊಮ್ಮಗಳು ಒಂದು ದಿನ ಬಚ್ಚಲಿನ ಬಾಗಿಲಲ್ಲಿ ನಿಂತು, "ತಾತ, ಹಿಡಿದದ್ದನ್ನೆಲ್ಲ ನೀವೇ ಮೋರಿಗೆ ಬಿಡ್ತಾ ಇದ್ದೀರಲ್ಲ!" ಎಂದಳು. ಎಷ್ಟು ವರ್ಷದ ಅಚ್ಚುಕಟ್ಟು! ಹೆಡ್ ಕ್ಲರ್ಕಿನ ಅದೇ ನೋಟ ಅವಳ ಕಣ್ಣಲ್ಲಿತ್ತು.

ಈಗ ತೊಳೆಯುವುದಿಲ್ಲ. ಒಣಗಲು ಬಿಟ್ಟು, ಕೈಯಿಂದ ಬಿಡಿಸಿ, ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿಡುತ್ತೇವೆ. ತುಂಬಿದ ಮೇಲೆ ಕಾಗದದಲ್ಲಿ ಕಟ್ಟಿ ಕಸದ ಗಾಡಿಗೆ, ಹಸಿ ಕಸಕ್ಕೆ ಮಾತ್ರ ಬೇಡ, ಅದು ಗೊಬ್ಬರವಾಗುತ್ತದೆ. ತೀರಾ ಸಣ್ಣ ಎಳೆ ಈ ಚೀಲಕ್ಕೂ ಸಿಗುವುದಿಲ್ಲ. ಅದಕ್ಕೇ ಫ್ರಾನ್ಸಿನವರು ಹೊಸ ಯಂತ್ರಗಳಲ್ಲಿ ನೂಲಿನ ಸೋಸು ಇರಲೇಬೇಕೆಂದು 2020ರಲ್ಲಿ ಕಾನೂನು ಮಾಡಿದ್ದಾರೆ. ಯಂತ್ರ ಪೂರ್ತಿ ತುಂಬಿದ ಮೇಲೆಯೇ ಹಾಕುವುದು, ಬಿಸಿನೀರು ಬಿಟ್ಟು ತಣ್ಣೀರು, ಇದಿಷ್ಟು ನಮ್ಮ ಮನೆಯ ಹೊಸ ನಿಯಮ. ಹತ್ತಿ ಸೀರೆಯ ಲೆಕ್ಕ ನನ್ನಾಕೆ ಬೇರೆ ಇಟ್ಟುಕೊಂಡಿದ್ದಾಳೆ, ಅದು ಪ್ಲಾಸ್ಟಿಕ್ಕಿಗಿಂತ ನನ್ನ ಪಿಂಚಣಿಗೆ ಸಂಬಂಧಿಸಿದ್ದು.

ಸಂಕ್ರಾಂತಿಗೆ ಭಾವಮೈದುನ ಒಂದು ಚೀಲ ಅವರೆಕಾಯಿ ಹೊತ್ತು ಬಂದ. ಕಿಟಕಿಯಲ್ಲಿದ್ದ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಬೂದು, ನೀಲಿ, ನಡುವೆ ಒಂದಿಷ್ಟು ಗುಲಾಬಿ ಬಣ್ಣದ ಅರಳೆಯಂಥ ಮುದ್ದೆ.

"ಏನಮ್ಮ ಇದು?"

"ಬಟ್ಟೆ ನೂಲು, ನರಸಾಪುರದ ತಾತ. ಐದು ತಿಂಗಳದ್ದು. ಹತ್ತಿದೂ ಇದೆ, ಪ್ಲಾಸ್ಟಿಕ್ಕೂ ಇದೆ."

"ಇಷ್ಟೂ ಒಂದೇ ಮನೇದಾ?" ಎಂದು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಭಾವ, ನಿಮ್ ಬೆಂಗಳೂರಲ್ಲಿ ಒಟ್ಟು ಎಷ್ಟು ಮನೆ ಅವೆ?" ಎಂದ.

ಮೊಮ್ಮಗಳು ಪೆನ್ಸಿಲ್ ತರಲು ಒಳಗೆ ಓಡಿದಳು. "ಲೆಕ್ಕ ಆಮೇಲೆ ಮಾಡೋರಂತೆ, ಮೊದಲು ಮೂರು ಜನಾನೂ ಕೂತು ಅವರೆಕಾಯಿ ಸುಲಿರಿ" ಎಂದು ನನ್ನಾಕೆ ಮೊರವನ್ನು ನಮ್ಮ ಮಧ್ಯೆ ತಂದಿಟ್ಟಳು.